ಕವಿಯ ಮನೆ ರಿಪೇರಿ: ಸಿಮೆಂಟು ಕಿತ್ತು ಸುಣ್ಣಕ್ಕೆ ಮರಳಿದ್ದು

ಹಳೆ ಮನೆಗಳ ರಿಪೇರಿ ನನ್ನ ಕಸುಬು. ಕೆಲವು ವರ್ಷದ ಹಿಂದೆ ಮಲೆನಾಡಿನ ಹಿರಿಯ ಕವಿಯೊಬ್ಬರ ಮಕ್ಕಳು, ಅಪ್ಪ ಬರೆಯುತ್ತಿದ್ದ ಮನೆ ಉಳಿಸಿಕೊಡಿ ಎಂದು ಕರೆದರು. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಬರೆಯುತ್ತಿಲ್ಲ.

ಕೆಲಸಕ್ಕೆ ಮೊದಲು ಮೇಸ್ತ್ರಿಯನ್ನು ಕರೆದುಕೊಂಡು ಕುಪ್ಪಳಿಗೆ ಹೋದೆ. ಕುವೆಂಪು ಬೆಳೆದ ಮನೆಯ ಕಂಬಗಳನ್ನು ಅವರು ಸುಮಾರು ಹೊತ್ತು ನೋಡಿದರು. "ಮನೆ ಹೊಸದಾಗಿ ಕಾಣಬಾರದು, ಅಲ್ವಾ ಸಾರ್?" ಅಂದರು. ನನಗೆ ಬೇಕಾಗಿದ್ದೂ ಅದೇ.

ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರು ಮಾಡಿದ್ದರು. ಜನ ದನಿ ಎತ್ತಿದ್ದರಿಂದ ಉಳಿಯಿತು, 2016ರಲ್ಲಿ ಮ್ಯೂಸಿಯಂ ಆಯಿತು. ನಮ್ಮ ಮನೆಗೆ ಜೆಸಿಬಿ ಬಂದಿರಲಿಲ್ಲ. ಸೋರುವ ಮಾಡು ಮತ್ತು ಹಿಂದೊಮ್ಮೆ ಯಾರೋ ಒಳ್ಳೆಯ ಮನಸ್ಸಿನಿಂದಲೇ ಬಳಿಸಿದ್ದ ಸಿಮೆಂಟು ಅದನ್ನು ತಿನ್ನುತ್ತಿದ್ದವು.

ಮಣ್ಣಿನ ಗೋಡೆ ನೆಲದ ತೇವ ಹೀರುತ್ತದೆ, ಹೊರಗೆ ಬಿಡುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ಬುಡದಿಂದ ಮೂರಡಿಯವರೆಗೆ ಗೋಡೆ ತಟ್ಟಿದರೆ ಟೊಳ್ಳು ಸದ್ದು. ಉಳಿಯಲ್ಲಿ ಮೆಲ್ಲಗೆ ಎಬ್ಬಿಸಿದರೆ ಸಿಮೆಂಟು ಹಪ್ಪಳದ ಹಾಗೆ ಬಂತು. ಹಿಂದಿನ ಮಣ್ಣು ಕೈಗೆ ಅಂಟುವಷ್ಟು ಒದ್ದೆ. ಪೂರ್ತಿ ಕಿತ್ತು, ಬೇಸಿಗೆಯಿಡೀ ಒಣಗಲು ಬಿಟ್ಟೆವು. ಮನೆಯವರಿಗೆ ಅವಸರ ಇತ್ತು, ಆದರೂ ಕಾದರು. ಅವರಿಗೆ ನಾನು ಋಣಿ.

ಅಷ್ಟರಲ್ಲಿ ಸುಣ್ಣ ಅರಳಿಸಿ ನೀರಲ್ಲಿ ನೆನೆಹಾಕಿದ್ದೆವು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಜೊತೆಗೆ ಬೆಲ್ಲ, ಅಣಲೆಕಾಯಿ ನೆನೆಸಿದ ನೀರು. ಗಾರೆ ಹುಳಿ ವಾಸನೆ ಹೊಡೆಯುತ್ತಿತ್ತು. ತೆಳುವಾಗಿ ಒಂದೊಂದೇ ಪದರ ಬಳಿದು, ಒದ್ದೆ ಗೋಣಿ ಹೊದಿಸಿದೆವು. ಬೇಗ ಒಣಗಿದರೆ ಬಿರುಕು ಬಿಡುತ್ತದೆ.

ಮಾಡಿನಲ್ಲಿ ಗೆದ್ದಲು ತಿಂದ ಪಕ್ಕಾಸುಗಳ (ಹಂಚಿನ ಭಾರ ಹೊರುವ ಇಳಿಜಾರು ಮರಗಳ) ತುದಿ ಮಾತ್ರ ಕತ್ತರಿಸಿ ಹಳೆ ಮರವನ್ನೇ ಜೋಡಿಸಿದೆವು. ಒಡೆಯದ ಮಂಗಳೂರು ಹಂಚುಗಳನ್ನು ತೊಳೆದು ಮತ್ತೆ ಹಾಕಿದೆವು.

ಕವಿ ಕೂರುತ್ತಿದ್ದ ಕಿಟಕಿಯ ಪಕ್ಕ, ಗೋಡೆಯ ಮೇಲೆ, ಅಂಗೈಯಗಲ ದೀಪದ ಮಸಿ ಇತ್ತು. ಕರೆಂಟು ಬರುವ ಮೊದಲಿನದು. ಬಣ್ಣದವರು ಅದರ ಮೇಲೆ ಬ್ರಷ್ ಇಡುವಷ್ಟರಲ್ಲಿ ನಾನು ಕೂಗಿ ತಡೆದೆ. ಈಗ ಸುತ್ತ ಸುಣ್ಣ ಬಿಳಿ, ಮಧ್ಯೆ ಆ ಮಸಿ ಹಾಗೇ ಇದೆ. ಮನೆ ನೋಡಲು ಬಂದವರು ಮೊದಲು ಅಲ್ಲೇ ನಿಲ್ಲುತ್ತಾರೆ.

ಜುಲೈನ ಮೊದಲ ಜಡಿಮಳೆಗೆ ನಾನೂ ಮೇಸ್ತ್ರಿಯೂ ರಾತ್ರಿ ಅಲ್ಲೇ ಮಲಗಿದೆವು. ಟಾರ್ಚ್ ಹಿಡಿದು ಕೋಣೆ ಕೋಣೆ ನೋಡಿದೆವು. ಜಗಲಿಯ ಮೂಲೆಯಲ್ಲಿ ಮಾತ್ರ ಹನಿ ಬೀಳುತ್ತಿತ್ತು. ಬೆಳಿಗ್ಗೆ ಏಣಿ ಹಾಕಿ ಎರಡು ಹಂಚು ಬದಲಿಸಿದೆವು.