ಒಂದೇ ಮರ, ಪ್ರತಿ ವಾರ: ಪುಟ್ಟ ಮಕ್ಕಳ ಜೊತೆ ಹೊರಗಡೆ ಕಲಿಯೋದು ಹೇಗೆ

ಮೂರರಿಂದ ಆರು ವರ್ಷದ ಮಕ್ಕಳಿಗೆ ಪ್ರಕೃತಿ ತೋರಿಸ್ಬೇಕು ಅಂತ ಮನಸ್ಸು ಬಂದ ತಕ್ಷಣ ನಮ್ಮಲ್ಲಿ ಬಹಳ ಜನ ವೀಕೆಂಡ್‌ಗೆ ಕಾರ್ ತಗೊಂಡು ಬನ್ನೇರುಘಟ್ಟಕ್ಕೋ ಕೊಡಗಿಗೋ ಹೊರಟುಬಿಡ್ತೀವಿ, ಮಗು ಅರ್ಧ ದಿನ ಸೀಟಲ್ಲಿ ನಿದ್ದೆ ಮಾಡುತ್ತೆ, ಇನ್ನರ್ಧ ದಿನ ಫೋಟೋಗೆ ನಿಂತಿರುತ್ತೆ. ಪ್ರವಾಸ ಒಳ್ಳೇದೇ, ಆದ್ರೆ ಅದರಿಂದ ಈ ವಯಸ್ಸಿನ ಮಗು ಕಲಿಯೋದು ಕಡಿಮೆ. ಹೋದ ವಾರ ಇದ್ದ ಹೂವು ಈ ವಾರ ಇಲ್ಲ, ಬೋಳಾಗಿದ್ದ ಕೊಂಬೆ ತುಂಬ ಈಗ ಎಲೆ, ಇದನ್ನ ಮಗು ತಾನೇ ಕಂಡು ನಿಮ್ಮ ಕೈ ಎಳೆದು ತೋರಿಸ್ಬೇಕು ಅಂದ್ರೆ ಅದು ಅದೇ ಜಾಗಕ್ಕೆ ಮೊದಲೂ ಹೋಗಿರ್ಬೇಕು ತಾನೆ? ಅದಕ್ಕೆ ನಾನು ಹೇಳೋ ದಾರಿ ತುಂಬ ಸಿಂಪಲ್: ಮನೆ ಹತ್ತಿರದ ಒಂದು ಮರ, ವಾರಕ್ಕೊಂದು ಸಲ, ಒಂದು ವರ್ಷ ಪೂರ್ತಿ.

ಮೊದಲು ಮರ ಹುಡುಕಿ

ಮಗುವಿನ ನಡಿಗೆಯಲ್ಲೇ ಹತ್ತು ನಿಮಿಷದೊಳಗೆ ತಲುಪೋ ಹಾಗಿರ್ಬೇಕು. ಗಾಡಿ ತೆಗೀಬೇಕು ಅಂದ್ರೆ ಮೂರನೇ ವಾರಕ್ಕೇ ನಿಂತುಹೋಗುತ್ತೆ. ಮರದ ಬುಡದಲ್ಲಿ ಮಣ್ಣು ಇರ್ಬೇಕು, ಟೈಲ್ಸ್ ಹಾಕಿ ಮುಚ್ಚಿರೋ ಮರ ಬೇಡ, ಗಾಡಿ ಓಡಾಟ ಪಕ್ಕದಲ್ಲೇ ಇದ್ರೆ ಅದೂ ಬೇಡ. ಪಾರ್ಕ್, ದೇವಸ್ಥಾನದ ಅಂಗಳ, ಶಾಲೆ ಮೈದಾನದ ಮೂಲೆ, ಕೆರೆ ಏರಿ ಹತ್ತಿರದ ಬಯಲು, ಯಾವುದಾದ್ರೂ ನಡೆಯುತ್ತೆ.

ಯಾವ ಮರ ಅಂತ ಕೇಳಿದ್ರೆ ನನ್ನ ಓಟು ಹೊಂಗೆಗೆ. ಬೆಂಗಳೂರು, ತುಮಕೂರು, ಮೈಸೂರು ಕಡೆ ಎಲ್ಲೆಲ್ಲೂ ಇರುತ್ತೆ, ನೆರಳು ದಟ್ಟ, ಮತ್ತೆ ವರ್ಷವಿಡೀ ಅದರಲ್ಲಿ ಏನೋ ಒಂದು ನಡೀತಾನೇ ಇರುತ್ತೆ. ಚಳಿಗಾಲ ಮುಗಿಯೋ ಹೊತ್ತಿಗೆ ಹಳೆ ಎಲೆ ಉದುರಿ ತಿಳಿ ಹಸಿರು ಚಿಗುರು ಬರುತ್ತೆ, ಯುಗಾದಿ ಆಸುಪಾಸಲ್ಲಿ ಬಿಳಿ, ತಿಳಿ ನೇರಳೆ ಬಣ್ಣದ ಹೂವು, ಬೆಳಿಗ್ಗೆ ಹೋದ್ರೆ ನೆಲದ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬಿದ್ದಿರುತ್ತೆ, ಮೇಲೆ ಜೇನ್ನೊಣದ ಸದ್ದು, ಆಮೇಲೆ ಚಪ್ಪಟೆ ಕಾಯಿ ಕಟ್ಟುತ್ತೆ, ಬಲಿತು ಒಣಗಿದ ಕಾಯಿ ನೀರಿಗೆ ಹಾಕಿದ್ರೆ ತೇಲುತ್ತೆ. ಎಲೆ ಮೇಲೆ ಗಂಟು ಗಂಟು ಇರುತ್ತಲ್ಲ, ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ. ಕೆಲವು ಎಲೆಯಲ್ಲಿ ಬಿಳಿ ಗೀಟು ಅಂಕುಡೊಂಕಾಗಿ ಹೋಗಿರುತ್ತೆ, ಎಲೆಯ ಪದರದ ಒಳಗೇ ಇದ್ದುಕೊಂಡು ತಿಂತಾ ತಿಂತಾ ಸಾಗಿದ ಮರಿಹುಳದ ದಾರಿ ಅದು. ನಾಲ್ಕು ವರ್ಷದ ಮಗು ಆ ಗೀಟಿನ ಮೇಲೆ ಬೆರಳಿಟ್ಟು ಹುಳ ಎಲ್ಲಿ ಶುರು ಮಾಡ್ತು, ಎಲ್ಲಿಂದ ಆಚೆ ಬಂತು ಅಂತ ಹುಡುಕೋದನ್ನ ನೋಡ್ಬೇಕು ನೀವು, ಅಷ್ಟು ಗಮನ ಯಾವ ವರ್ಕ್‌ಶೀಟ್‌ನಲ್ಲೂ ಬರಲ್ಲ.

ಉತ್ತರ ಕರ್ನಾಟಕದವರಿಗೆ ಬೇವು ಚೆನ್ನಾಗಿರುತ್ತೆ. ಕರಾವಳಿ, ಮಲೆನಾಡಿನಲ್ಲಿ ಮಾವು, ಹಲಸು ಆಗುತ್ತೆ, ಆದ್ರೆ ಎಲೆ ಹೆಣೆದು ಗೂಡು ಕಟ್ಟೋ ಚಗಳಿ ಇರುವೆ ಇದ್ರೆ ಸರಿಯಾಗಿ ಗೂಡಿನ ಕೆಳಗೆ ಮಕ್ಕಳನ್ನ ಕೂರಿಸ್ಬೇಡಿ, ಸ್ವಲ್ಪ ದೂರದಿಂದ ನೋಡಿದ್ರೆ ಅದೇ ಒಂದು ದೊಡ್ಡ ಪಾಠ.

ದೊಡ್ಡವರು ಒಬ್ಬರೇ ಹೋಗಿ ನೋಡ್ಬೇಕಾದ್ದು

ಮಕ್ಕಳನ್ನ ಕರ್ಕೊಂಡು ಹೋಗೋ ಮುಂಚೆ ನೀವೊಬ್ಬರೇ ಒಂದು ಸುತ್ತು ಹಾಕಿ. ಗಾಜಿನ ಚೂರು, ಬ್ಲೇಡ್, ತಂತಿ ಇದ್ರೆ ತೆಗೀರಿ. ಪಾರ್ಥೇನಿಯಂ, ಅದೇ ನಾವು ಕಾಂಗ್ರೆಸ್ ಗಿಡ ಅಂತೀವಲ್ಲ, ಅದು ಬೆಳೆದಿದ್ರೆ ಜಾಗ ಬದಲಾಯಿಸಿ, ಅದರಿಂದ ಚರ್ಮಕ್ಕೆ ಅಲರ್ಜಿ ಆಗುತ್ತೆ, ಉಬ್ಬಸ ಇರೋ ಮಕ್ಕಳಿಗೆ ಇನ್ನೂ ಕಷ್ಟ. ಕಣಗಿಲೆ, ದತ್ತೂರಿ, ಗುಲಗಂಜಿ ಬಳ್ಳಿ ಎಲ್ಲಿದೆ ಅಂತ ಗುರುತು ಮಾಡ್ಕೊಳ್ಳಿ, ಮೂರೂ ವಿಷ, ಅದರಲ್ಲೂ ಗುಲಗಂಜಿ ಬೀಜ ಕೆಂಪಗೆ ಹೊಳೆಯೋದ್ರಿಂದ ಮಕ್ಕಳ ಕೈ ಮೊದಲು ಅಲ್ಲಿಗೇ ಹೋಗುತ್ತೆ. ಹೊರಗಡೆ ಏನನ್ನೂ ಬಾಯಿಗೆ ಹಾಕೋ ಹಾಗಿಲ್ಲ, ಈ ಒಂದು ರೂಲ್‌ನಲ್ಲಿ ಮಾತ್ರ ಸಡಿಲ ಬೇಡ.

ಕಂಬಳಿಹುಳ, ಜರಿ, ಚೇಳು ಮುಟ್ಟಬಾರದು ಅಂತ ಮೊದಲೇ ಹೇಳಿ. ಚೋರಟೆಯನ್ನ, ಅಂದ್ರೆ ಸಹಸ್ರಪದಿಯನ್ನ, ನೋಡಬಹುದು, ಕಡ್ಡಿಯಲ್ಲಿ ಮೆತ್ತಗೆ ತಾಗಿಸಿದ್ರೆ ಸುರುಳಿ ಸುತ್ಕೊಳ್ಳುತ್ತೆ, ಸ್ವಲ್ಪ ಹೊತ್ತು ಸುಮ್ಮನೆ ಕಾದ್ರೆ ತಾನೇ ಬಿಚ್ಚಿಕೊಂಡು ಹೊರಡುತ್ತೆ. ಬಿಲದೊಳಗೆ ಕೈ ಹಾಕೋದು ಬೇಡ, ಕಲ್ಲು ಎತ್ತೋದು ದೊಡ್ಡವರ ಕೆಲಸ. ಬೀದಿನಾಯಿ ಇರೋ ಏರಿಯಾ ಆದ್ರೆ ತಿಂಡಿ ತಗೊಂಡು ಹೋಗ್ಬೇಡಿ. ನಾಯಿ ಕಚ್ಚಿದ್ರೆ ಅಥವಾ ಪರಚಿದ್ರೂ ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಮಲೆನಾಡಿನವರಿಗೆ ಇನ್ನೊಂದು ಮಾತು, ಇದನ್ನ ದಯವಿಟ್ಟು ಸೀರಿಯಸ್ ಆಗಿ ತಗೊಳ್ಳಿ. ಮಂಗನ ಕಾಯಿಲೆ ಮೊದಲು ಪತ್ತೆ ಆಗಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ, ಹರಡೋದು ಉಣ್ಣೆ ಅನ್ನೋ ರಕ್ತ ಹೀರೋ ಹುಳದಿಂದ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಕಾಯಿಲೆ ಇರೋ ಊರುಗಳಲ್ಲಿ ಆ ತಿಂಗಳು ಮಕ್ಕಳನ್ನ ಕಾಡಿನ ಅಂಚಿಗೆ, ತರಗೆಲೆ ರಾಶಿಗೆ ಬಿಡಲೇಬೇಡಿ, ಮನೆ ಅಂಗಳದ ಗುಡಿಸಿದ ಜಾಗದಲ್ಲೇ ಮಾಡಿ.

ಹೊರಡೋ ದಿನ

ವಾರ, ಟೈಮ್ ಫಿಕ್ಸ್ ಇರ್ಲಿ. ಭಾನುವಾರ ಬೆಳಿಗ್ಗೆ ಏಳೂವರೆ ಅಂದ್ರೆ ಏಳೂವರೆ. ಬೇಸಿಗೆಯಲ್ಲಿ ಒಂಬತ್ತರೊಳಗೆ ಮನೆಗೆ ಬಂದುಬಿಡಿ. ಸಣ್ಣ ಮಳೆಗೆ ಕೊಡೆ ಹಿಡ್ಕೊಂಡು ಹೋಗಿ, ಒದ್ದೆ ಮರ ಬೇರೆ ಥರಾನೇ ಕಾಣುತ್ತೆ, ಆದ್ರೆ ಗುಡುಗು ಕೇಳಿಸಿದ್ರೆ ಮರದ ಕೆಳಗೆ ನಿಲ್ಲದೆ ತಕ್ಷಣ ವಾಪಸ್ ಬನ್ನಿ.

ಹಳೆ ಕಾಟನ್ ಬಟ್ಟೆ, ಕಾಲು ಮುಚ್ಚೋ ಪ್ಯಾಂಟು, ಶೂ. ಬ್ಯಾಗಲ್ಲಿ ನೀರು, ಸೋಪು, ಒಂದು ಟವೆಲ್, ಒಂದು ಚಡ್ಡಿ ಎಕ್ಸ್‌ಟ್ರಾ, ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ಕು, ಕ್ರೇಯಾನ್. ಇಷ್ಟೇ. ಮೊಬೈಲ್ ಜೇಬಲ್ಲೇ ಇರ್ಲಿ. ನಾಲ್ಕೈದು ಮಕ್ಕಳಿಗೆ ಒಬ್ಬರು ದೊಡ್ಡವರು ಸಾಕು, ಆದ್ರೆ ಎಲ್ಲ ಮೂರು ವರ್ಷದವರೇ ಆದ್ರೆ ಇಬ್ಬರು ಬೇಕು.

ಮರದ ಕೆಳಗೆ

ಹೋದ ಮೇಲೆ ಮೊದಲ ಹದಿನೈದು ನಿಮಿಷ ಏನೂ ಹೇಳ್ಬೇಡಿ. ಇದು ದೊಡ್ಡವರಿಗೆ ತುಂಬ ಕಷ್ಟ, ನಮಗೆ ಬಾಯಿ ಸುಮ್ಮನಿರಲ್ಲ, "ನೋಡು ಪುಟ್ಟಾ ಇದೇನು ಹೇಳು, ಇದು ಯಾವ ಕಲರ್, ಎಷ್ಟಿದೆ ಎಣಿಸು" ಅಂತ ಶುರು ಮಾಡಿಬಿಡ್ತೀವಿ. ಮಗು ಮಣ್ಣು ಕೆದಕ್ತಾ ಇದ್ರೆ ಕೆದಕಲಿ. ಅಲ್ಲೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅದು ಏನು ನೋಡ್ತಿದೆಯೋ ಅದನ್ನೇ ನೀವೂ ನೋಡಿ. ಅದು ತಾನಾಗಿ ಮಾತಾಡಿದಾಗ ಉತ್ತರ ಕೊಡಿ, ಗೊತ್ತಿಲ್ಲದಿದ್ರೆ "ಗೊತ್ತಿಲ್ಲ ಕಣೋ, ಮುಂದಿನ ವಾರ ಮತ್ತೆ ನೋಡೋಣ" ಅನ್ನಿ. ಹೆಸರು ಮುಖ್ಯ ಅಲ್ಲ ಅಂತಲ್ಲ, ಮಗುಗೆ ಹೆಸರು ಬೇಕು ಅನ್ಸಿದಾಗ ಕೊಟ್ರೆ ಉಳಿಯುತ್ತೆ. ನಾನಂತೂ ಒಂದೇ ಪ್ರಶ್ನೆ ಕೇಳ್ತೀನಿ, "ಹೋದ ವಾರ ಹೀಗೇ ಇತ್ತಾ?"

ಆಮೇಲೆ ಒಂದು ಕೆಲಸ, ಒಂದೇ. ಇರುವೆ ಸಾಲು ಇದ್ರೆ ಒಂದು ಚಿಟಿಕೆ ಸಕ್ಕರೆ, ಎರಡು ಅನ್ನದ ಅಗುಳು, ಚೂರು ಕೊಬ್ಬರಿ ಸ್ವಲ್ಪ ದೂರ ದೂರ ಇಟ್ಟು, ಮೊದಲು ಯಾವುದಕ್ಕೆ ಬರುತ್ತೆ ಅಂತ ಮಕ್ಕಳನ್ನೇ ಊಹೆ ಮಾಡೋಕೆ ಹೇಳಿ, ಆಮೇಲೆ ಕಾಯಿರಿ, ಊಹೆ ಮಾಡಿ ಕಾದು ನೋಡೋದೇ ವಿಜ್ಞಾನದ ಶುರು. ಮಳೆ ಬೀಳದ ಮೂಲೆಯಲ್ಲಿ, ಗೋಡೆ ಬುಡದ ನುಣುಪು ಮಣ್ಣಲ್ಲಿ ಆಲಿಕೆ ಆಕಾರದ ಪುಟ್ಟ ಪುಟ್ಟ ಗುಳಿ ಕಂಡ್ರೆ ಬಿಡಲೇಬೇಡಿ, ಅದರ ತಳದಲ್ಲಿ ಒಂದು ಹುಳ ಮಣ್ಣೊಳಗೆ ಅಡಗಿ ಕೂತಿರುತ್ತೆ, ಇರುವೆ ಜಾರಿ ಬಿದ್ರೆ ಹಿಡಿಯೋಕೆ. ಬಿದ್ದ ಎಲೆ ಆರಿಸಿ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಬಹುದು, ಗಣಿತ ಅಂತ ಬೇರೆ ಹೇಳ್ಬೇಕಾಗಿಲ್ಲ. ಬಿದ್ದ ಹೂವಲ್ಲಿ ರಂಗೋಲಿ ಹಾಕಬಹುದು. ಮಗುವಿನ ನೆರಳಿನ ಸುತ್ತ ಕಡ್ಡಿಯಲ್ಲಿ ಗೀಟು ಎಳೆದು, ಹೊರಡೋ ಮುಂಚೆ ಅದೇ ಜಾಗದಲ್ಲಿ ನಿಲ್ಲಿಸಿ ನೋಡಿ, ನೆರಳು ಗೀಟಿಂದ ಆಚೆ ಸರಿದಿರುತ್ತೆ. ಇಲ್ಲಾಂದ್ರೆ ಕಣ್ಣು ಮುಚ್ಚಿ ಕೂತು ಒಂದೊಂದು ಸದ್ದಿಗೂ ಒಂದೊಂದು ಬೆರಳು ಮಡಚೋ ಆಟ, ಕಾಗೆ, ಸ್ಕೂಟರ್, ಪಿಕಳಾರ, ಎಳನೀರು ಕೊಚ್ಚೋ ಸದ್ದು, ಎಲ್ಲವೂ ಲೆಕ್ಕಕ್ಕೆ.

ಗಿಡದಲ್ಲಿರೋದನ್ನ ಕೀಳೋದು ಬೇಡ, ನೆಲಕ್ಕೆ ಬಿದ್ದಿರೋದು ಮಾತ್ರ ನಮ್ಮದು ಅಂತ ಹೇಳಿಕೊಡಿ. ಪಾರ್ಕಿನ ಮಾಲಿಯವರಿಗೂ ಇದನ್ನೇ ಹೇಳಿ ಪರಿಚಯ ಮಾಡ್ಕೊಳ್ಳಿ. ದಿನಾ ಆ ಮರ ನೋಡೋ ಅವರಿಗೆ ಗೊತ್ತಿರೋದು ನಮಗೆ ಗೊತ್ತಿರಲ್ಲ, ಮಕ್ಕಳ ಹತ್ರ ಮಾತಾಡಿ ಅಂತ ಕೇಳ್ಕೊಳ್ಳಿ.

ಕೊನೇ ಹತ್ತು ನಿಮಿಷ ನೋಟ್‌ಬುಕ್. ಮೇಲೆ ತಾರೀಕು ನೀವು ಬರೀರಿ, ಚಿತ್ರ ಮಗು ಬರೀಲಿ, ಗೀಚಿದ್ರೂ ಪರವಾಗಿಲ್ಲ, ಏನಿದು ಅಂತ ಕೇಳಿ ಅದು ಹೇಳಿದ ಮಾತನ್ನ ಅದರದ್ದೇ ಭಾಷೆಯಲ್ಲಿ ಕೆಳಗೆ ಬರೀರಿ, ತಿದ್ದಬೇಡಿ. ಬರೆಯೋಕೆ ಇಷ್ಟ ಇಲ್ಲದ ದಿನ ಎಲೆ ಮೇಲೆ ಕಾಗದ ಇಟ್ಟು ಕ್ರೇಯಾನ್ ಉಜ್ಜಿದ್ರೆ ನರ ನರವಾಗಿ ಅಚ್ಚು ಬೀಳುತ್ತೆ. ಮನೆಗೆ ಬಂದ ತಕ್ಷಣ ಸೋಪಲ್ಲಿ ಕೈಕಾಲು.

ಮನೆಯವರು ಬೇಡ ಅಂದ್ರೆ

ಶೀತ ಆಗುತ್ತೆ, ಮಣ್ಣಾಗುತ್ತೆ, ಆ ಟೈಮಲ್ಲಿ ಎಬಿಸಿಡಿ ಬರೆಸಬಾರದಾ ಅನ್ನೋ ಮಾತು ಬರುತ್ತೆ. ಅಜ್ಜಿ ತಾತನ್ನ ಜೊತೆಗೇ ಕರ್ಕೊಂಡು ಹೋಗಿ. ಗಣಿಕೆ, ಹೊನಗೊನ್ನೆ, ಒಂದೆಲಗ, ತುಂಬೆ ಎಲ್ಲ ಗುರುತು ಹಿಡಿಯೋರು ಅವರೇ, ಎರಡನೇ ವಾರದಿಂದ ಮಕ್ಕಳಿಗಿಂತ ಮೊದಲು ಚಪ್ಪಲಿ ಹಾಕ್ಕೊಂಡು ಅವರೇ ರೆಡಿ ಇರ್ತಾರೆ.

ಲೆಕ್ಕ ಕೇಳೋರಿಗೆ ಲೆಕ್ಕಾನೂ ಇದೆ. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸ್ಬೇಕು, ಸ್ಕ್ರೀನ್ ಮುಂದೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಶಾಲೆ ದಿನಗಳಲ್ಲಿ 40 ನಿಮಿಷ ಜಾಸ್ತಿ ಹೊರಗಡೆ ಚಟುವಟಿಕೆ ಕೊಟ್ಟು ಮೂರು ವರ್ಷ ನೋಡಿದ್ರು, 2015ರಲ್ಲಿ ಪ್ರಕಟ ಆದ ಫಲಿತಾಂಶ ಏನಂದ್ರೆ ಹೊರಗಡೆ ಹೋದ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಜನಕ್ಕೆ ಸಮೀಪದೃಷ್ಟಿ ದೋಷ ಬಂತು, ಹೋಗದ ಮಕ್ಕಳಲ್ಲಿ ಸುಮಾರು 40 ಜನಕ್ಕೆ. ವಾರಕ್ಕೊಂದು ದಿನದ ಮರ ಇಷ್ಟೆಲ್ಲ ಮಾಡಿಬಿಡಲ್ಲ, ನಿಜ, ಆದ್ರೆ ಅದು ಅಭ್ಯಾಸ ಆದ್ಮೇಲೆ ಮಗು ಮಿಕ್ಕ ದಿನಾನೂ ಹೊರಗೆ ಹೋಗೋಣ ಅಂತ ಹಠ ಹಿಡಿಯುತ್ತೆ.

ಸ್ವಲ್ಪ ದೊಡ್ಡ ಮಕ್ಕಳಿದ್ರೆ ಸೀಸನ್‌ವಾಚ್ ಅನ್ನೋ ಯೋಜನೆಗೆ ನಿಮ್ಮ ಮರ ಸೇರಿಸಿ. ವಾರ ವಾರ ಮರದಲ್ಲಿ ಚಿಗುರು, ಹೂವು, ಕಾಯಿ ಎಷ್ಟಿದೆ ಅಂತ ಜನಸಾಮಾನ್ಯರು, ಶಾಲೆ ಮಕ್ಕಳು ದಾಖಲು ಮಾಡೋ ಕೆಲಸ ಅದು, ದೇಶದ ಮರಗಳ ಋತುಮಾನ ಹೇಗೆ ಬದಲಾಗ್ತಿದೆ ಅಂತ ತಿಳಿಯೋಕೆ ಈ ಲೆಕ್ಕ ಬೇಕಾಗುತ್ತೆ, ಹೊಂಗೆಯೂ ಅದರ ಪಟ್ಟಿಯಲ್ಲಿದೆ.

ಅಂಗನವಾಡಿ ಟೀಚರ್‌ಗಳು ಓದ್ತಾ ಇದ್ರೆ, ನಿಮಗೆ ಎಲ್ಲರಿಗಿಂತ ಸುಲಭ, ಮೂರರಿಂದ ಆರು ವರ್ಷದ ಮಕ್ಕಳು ದಿನಾ ನಿಮ್ಮ ಹತ್ರಾನೇ ಇರ್ತಾರೆ. ಎಲ್ಲರನ್ನೂ ಒಟ್ಟಿಗೆ ಕರ್ಕೊಂಡು ಹೋಗೋದು ಬೇಡ, ಸಹಾಯಕಿಯವರು ಮಿಕ್ಕವರನ್ನ ನೋಡ್ಕೊಳ್ಳೋ ಹೊತ್ತಲ್ಲಿ ನಾಲ್ಕೈದು ಜನರ ಗುಂಪು ಮಾಡಿ ಸರದಿ ಮೇಲೆ ಅಂಗಳದ ಮರದ ಹತ್ರ ಹೋಗಿ, ಭೂತಗನ್ನಡಿ ಇಲ್ಲದಿದ್ರೂ ನಡೆಯುತ್ತೆ, ತಾಯಂದಿರ ಸಭೆ ದಿನ ಆ ನೋಟ್‌ಬುಕ್ಕನ್ನ ಮಕ್ಕಳ ಕೈಯಿಂದಲೇ ಅಮ್ಮಂದಿರಿಗೆ ತೋರಿಸಿ.