ಶಿಶುವಿಹಾರಕ್ಕೆ ಏನೇನು ತರಬಾರದು: ಗೇಟಿನಲ್ಲಿ ನಾನು ನೋಡುವುದು

‘ಬೆಲೆಬಾಳುವ ವಸ್ತು ಕಳಿಸಬೇಡಿ’ ಎಂಬ ಚೀಟಿ ಕೊಟ್ಟರೆ ಕಿವಿಯೋಲೆ ಮನೆಯಲ್ಲಿ ಉಳಿಯುತ್ತದೆ, ಸೇಫ್ಟಿ ಪಿನ್ನು ಬರುತ್ತದೆ. ಕರ್ಚೀಫನ್ನು ಎದೆಗೆ ಪಿನ್ನು ಮಾಡಿ ಕಳಿಸುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಮೂಗು ಒರೆಸಲು ಮಗು ಕರ್ಚೀಫ್ ಎಳೆದು ಎಳೆದು ಪಿನ್ನಿನ ಬಾಯಿ ಬಿಚ್ಚಿಕೊಳ್ಳುತ್ತದೆ. ನಾನು ಮೊದಲು ನಿಲ್ಲಿಸಿದ್ದು ಇದನ್ನೇ. ಬದಲಿಗೆ ಕರ್ಚೀಫಿನ ಮೂಲೆಗೆ ನಾಲ್ಕು ಬೆರಳುದ್ದದ ಬಟ್ಟೆಪಟ್ಟಿ ಹೊಲಿದು, ಜೇಬಿಗೆ ಟಿಚ್ ಬಟನ್ನಿನಿಂದ ಸಿಕ್ಕಿಸಲು ಹೇಳುತ್ತೇನೆ.

ಆಮೇಲೆ ಕೊರಳು. ಸರ, ಕಪ್ಪುದಾರ, ತಾಯಿತ, ಐಡಿ ಕಾರ್ಡಿನ ಪಟ್ಟಿ ಯಾವುದೂ ಬೇಡ. ಜಾರುಬಂಡೆಯ ಕಂಬಿಗೆ ಸಿಕ್ಕಿಕೊಂಡರೆ ದಾರ ಹರಿಯುವುದಿಲ್ಲ, ಕತ್ತನ್ನೇ ಬಿಗಿಯುತ್ತದೆ. ತಾಯಿತ ತೆಗೆಯಿರಿ ಎಂದರೆ ಅಜ್ಜಿಯರು ಒಪ್ಪುವುದಿಲ್ಲ. ಉಡಿದಾರಕ್ಕೆ ಕಟ್ಟಿ ಎಂದರೆ ಒಪ್ಪುತ್ತಾರೆ. ಕಾರ್ಡನ್ನು ಕ್ಲಿಪ್ಪಿನಿಂದ ಜೇಬಿಗೆ ಹಾಕಿದರಾಯಿತು.

ಸಣ್ಣ ಸಾಮಾನು ಗಂಟಲಿಗೆ ಸಿಕ್ಕಿಕೊಳ್ಳುತ್ತದೆಯೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಇದನ್ನು ನೋಡಲು ಆಟಿಕೆಗಳ ಸುರಕ್ಷತಾ ಪರೀಕ್ಷೆಯಲ್ಲಿ ಬಳಸುವ ಕೊಳವೆಯ ಅಗಲ 31.7 ಮಿ.ಮೀ. ಮನೆಯಲ್ಲೇ ಮಾಡಿಕೊಳ್ಳಬಹುದು: ರಟ್ಟಿನ ಪಟ್ಟಿಯನ್ನು 10 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ತುದಿಗಳು ಒಂದರ ಮೇಲೊಂದು ಬಾರದಂತೆ ಅಂಚಿಗೆ ಅಂಚು ಸೇರಿಸಿ ಟೇಪು ಹಚ್ಚಿ. ಅದರೊಳಗೆ ಇಳಿಯುವ ರಬ್ಬರು, ಹೇರ್‌ಕ್ಲಿಪ್ಪು, ಮಣಿ, ನಾಣ್ಯ ಎಲ್ಲವೂ ಮನೆಯಲ್ಲೇ ಇರಲಿ. ಚೆಂಡಿಗೆ ಮಾತ್ರ ಈ ಅಳತೆ ಸಾಲದು. ಗುಂಡಗಿನದು ಗಂಟಲನ್ನು ಪೂರ್ತಿ ಮುಚ್ಚಿಬಿಡುವುದರಿಂದ 4.5 ಸೆಂ.ಮೀ.ಗಿಂತ ದಪ್ಪ ಇರಲೇಬೇಕು.

ಎಲ್ಲಕ್ಕಿಂತ ಹೆಚ್ಚು ನಾನು ಹೆದರುವುದು ಬಟನ್ ಸೆಲ್ಲಿಗೆ, ಅಂದರೆ ಅಂಗಿಯ ಗುಂಡಿಯಂತಿರುವ ಪುಟ್ಟ ಬ್ಯಾಟರಿಗೆ. ಮಿನುಗುವ ಶೂ, ಹಾಡುವ ಗೊಂಬೆ, ಜಾತ್ರೆಯ ಲೈಟಿನ ವಾಚು, ಎಲ್ಲದರಲ್ಲೂ ಅದಿರಬಹುದು. ಶೂ ಹೊಸದಿದ್ದಾಗ ಸೆಲ್ಲು ಅಡಿಯೊಳಗೆ ಭದ್ರ. ಅಡಿ ಸವೆದು ಬಿರುಕು ಬಿಟ್ಟಾಗ ಹೊರಬರುತ್ತದೆ. ನುಂಗಿದ ಸೆಲ್ಲು ಅನ್ನನಾಳದಲ್ಲಿ ಕಚ್ಚಿಕೊಂಡರೆ ಎಂಜಲಿನ ತೇವದಲ್ಲಿ ವಿದ್ಯುತ್ ಹರಿದು ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಯಲ್ಲಿ ಒಳಗೆ ಸುಟ್ಟಗಾಯ. ಆಟಿಕೆ ನಡೆಸಲಾಗದಷ್ಟು ಮುಗಿದ ಸೆಲ್ಲೂ ಸುಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು.

ಡಬ್ಬಿಯಲ್ಲಿ ಇಡೀ ಕಡಲೆಕಾಯಿ ಬೀಜ, ಹುರಿಗಡಲೆ ಬೇಡ. ದ್ರಾಕ್ಷಿಯನ್ನು ಅಡ್ಡಕ್ಕೆ ಕೊಯ್ದರೆ ಪ್ರಯೋಜನವಿಲ್ಲ, ಗುಂಡಗೇ ಉಳಿಯುತ್ತದೆ. ಉದ್ದಕ್ಕೆ ನಾಲ್ಕು ಸೀಳು ಮಾಡಿ. ಹುಟ್ಟುಹಬ್ಬಕ್ಕೆ ಗಟ್ಟಿ ಪೆಪ್ಪರ್‌ಮೆಂಟು ಹಂಚಲು ಬಿಡುವುದಿಲ್ಲ.

ಬೆಲ್ಟು, ಜೀನ್ಸಿನ ಗುಂಡಿ ಅಪಾಯವೇನಲ್ಲ. ಆದರೆ ಅವಸರದಲ್ಲಿ ಬಿಚ್ಚಲಾಗದೆ ಚಡ್ಡಿ ಒದ್ದೆಯಾಗುತ್ತದೆ, ಮಗು ನಾಚಿಕೊಂಡು ಮಾರನೆಯ ದಿನ ಬರುವುದೇ ಇಲ್ಲ ಅನ್ನುತ್ತದೆ. ಇಲಾಸ್ಟಿಕ್ ಸೊಂಟವೇ ಸರಿ.

ಆಟಿಕೆಗೆ ಒಂದೇ ವಿನಾಯಿತಿ: ಮೊದಲ ಎರಡು ವಾರ ಅಮ್ಮನ ಹಳೆಯ ಸೀರೆಯ ಕರ್ಚೀಫಿನಷ್ಟಗಲದ ತುಂಡು. ಉಳಿದದ್ದು ಗೇಟಿನಲ್ಲೇ ಹೆಸರು ಬರೆದ ಕವರಿಗೆ. ಸಂಜೆ ಮಗುವನ್ನು ಕರೆದೊಯ್ಯಲು ಬಂದ ದೊಡ್ಡವರ ಕೈಗೇ ಆ ಕವರು ಕೊಡುತ್ತೇನೆ. ಚೀಲಕ್ಕೆ ಹಾಕಿದರೆ ಬೆಳಿಗ್ಗೆ ಅದೇ ಚೀಲದಲ್ಲಿ ಮತ್ತೆ ಬರುತ್ತದೆ.