ಸ್ಕೇಟೋ, ತೊರಕೆಯೋ? ಬಾಲ ನೋಡಿ ಗುರುತಿಸಿ

ಕಾರವಾರದ ಬೈತಖೋಲ ಬಂದರಿಗೆ ತಟ್ಟೆಯಂಥ ಚಪ್ಪಟೆ ಮೀನು ಯಾವುದು ಬಂದರೂ ಕನ್ನಡದಲ್ಲಿ ಅದು ತೊರಕೆಯೇ. ಸಾರು ಮಾಡುವವರಿಗೆ ಅಷ್ಟು ಸಾಕು. ಆದರೆ ಜೀವಶಾಸ್ತ್ರದ ಪುಸ್ತಕದಲ್ಲಿರುವ ಸ್ಕೇಟ್ ಮೀನು ಇದೇ ಹೌದೋ ಅಲ್ಲವೋ ಎಂದು ಮಕ್ಕಳು ಕೇಳಿದರೆ ಸ್ವಲ್ಪ ಬಗ್ಗಿ ನೋಡಬೇಕಾಗುತ್ತದೆ. ಎರಡೂ ಶಾರ್ಕಿನ ನೆಂಟರು. ಎರಡಕ್ಕೂ ಮೂಳೆಯಿಲ್ಲ, ಮೃದ್ವಸ್ಥಿಯ ಹಂದರ. ಬಾಯಿ ಮತ್ತು ಕಿವಿರಿನ ಸೀಳುಗಳು ಹೊಟ್ಟೆಯ ಕಡೆಗಿವೆ, ಕಣ್ಣು ಬೆನ್ನಿನ ಕಡೆಗೆ. ಹಾಗಾಗಿ ಮುಖ ನೋಡಿ ಪ್ರಯೋಜನವಿಲ್ಲ.

ಮೊದಲು ಕೈಯನ್ನು ಜೇಬಿನಲ್ಲಿಟ್ಟುಕೊಳ್ಳಿ. ತೊರಕೆಯ ಬಾಲದ ಮೇಲೆ ಗರಗಸದಂತೆ ಹಲ್ಲಿರುವ ಮುಳ್ಳು ಇರುತ್ತದೆ, ಅದರಲ್ಲಿ ವಿಷವಿದೆ, ಮೀನು ಸತ್ತ ಮೇಲೂ ಚುಚ್ಚುತ್ತದೆ. ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿ ನೀರಿನಲ್ಲಿ ಅದ್ದಿ ಹಿಡಿದರೆ ನೋವು ಇಳಿಯುತ್ತದೆ. ನೀರು 45 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಅನಂತರ ಆಸ್ಪತ್ರೆಗೆ ಹೋಗಲೇಬೇಕು, ಮುರಿದ ತುಂಡು ಒಳಗೆ ಉಳಿದಿರಬಹುದು.

ಈಗ ದೂರದಿಂದಲೇ ಬಾಲ ನೋಡಿ. ಚಾಟಿಯಂತೆ ಸಪೂರಾಗಿ ಉದ್ದಕ್ಕೆ ಹೋಗಿದ್ದರೆ ತೊರಕೆ. ಸ್ಕೇಟಿನ ಬಾಲ ಅದಕ್ಕಿಂತ ದಪ್ಪ, ಅದರ ತುದಿಯ ಹತ್ತಿರ ಎರಡು ಪುಟ್ಟ ಈಜುರೆಕ್ಕೆಗಳು ಎದ್ದು ನಿಂತಿರುತ್ತವೆ. ಕುಟುಕುವ ಮುಳ್ಳು ಇಲ್ಲ. ಬದಲಿಗೆ ಬೆನ್ನು, ಬಾಲದ ಮೇಲೆ ಸಾಲಾಗಿ ಗುಲಾಬಿ ಗಿಡದ ಮುಳ್ಳಿನಂಥ ಮೊನೆಗಳು. ಗೀಚುತ್ತವೆ, ವಿಷವಿಲ್ಲ. ಇನ್ನೊಂದು ಬಗೆ ಎದುರಾಗಬಹುದು: ಮುಂಭಾಗ ತೊರಕೆಯ ಹಾಗೆ, ಹಿಂಭಾಗ ಪೂರ್ತಿ ಶಾರ್ಕ್. ಅದು ಗಿಟಾರ್ ಮೀನು. ಅದರ ಒಂದು ದೊಡ್ಡ ಜಾತಿಗೆ 2001ರಿಂದ ವನ್ಯಜೀವಿ ಕಾನೂನಿನ ರಕ್ಷಣೆಯಿದೆ.

ತೊಂದರೆ ಏನೆಂದರೆ, ಬೋಟಿನವರು ಕಾಲಿಗೆ ಚುಚ್ಚೀತೆಂದು ಮುಳ್ಳನ್ನು, ಎಷ್ಟೋ ಸಲ ಬಾಲವನ್ನೇ, ಕಡಲಿನಲ್ಲೇ ಕತ್ತರಿಸಿ ಎಸೆದಿರುತ್ತಾರೆ. ಆಗ ಬಾಲದ ಬುಡದ ಎರಡೂ ಪಕ್ಕಗಳನ್ನು ನೋಡಬೇಕು. ಅಲ್ಲಿರುವ ಸೊಂಟದ ಈಜುರೆಕ್ಕೆ ತೊರಕೆಯಲ್ಲಿ ಒಂದೇ ಹಾಳೆ. ಸ್ಕೇಟಿನಲ್ಲಿ ಅದು ಆಳವಾಗಿ ಸೀಳಿ ಎರಡಾಗಿರುತ್ತದೆ. ಮುಂದಿನ ಭಾಗ ಥೇಟ್ ಪುಟ್ಟ ಕಾಲು. ಅದನ್ನು ಊರಿಕೊಂಡು ಸ್ಕೇಟು ಕಡಲಿನ ತಳದ ಮೇಲೆ ಹೆಜ್ಜೆ ಹಾಕುತ್ತದೆ. ನನಗಂತೂ ಇದೇ ಎಲ್ಲಕ್ಕಿಂತ ನಂಬಿಕೆಯ ಗುರುತು. ಅದೇ ಜಾಗದಿಂದ ಎರಡು ಕಡ್ಡಿಗಳು ಹಿಂದಕ್ಕೆ ಚಾಚಿದ್ದರೆ ಮೀನು ಗಂಡು. ಗಂಡು ಹೆಣ್ಣಿನ ಈ ಲೆಕ್ಕ ಎರಡು ಗುಂಪಿಗೂ ಒಂದೇ.

ಹೊಟ್ಟೆ ಕೊಯ್ಯುವಾಗ ಎದುರಿಗಿದ್ದರೆ ಇನ್ನೂ ಒಳ್ಳೆಯದು. ತೊರಕೆ ಮರಿ ಹಾಕುತ್ತದೆ, ಸ್ಕೇಟು ಮೊಟ್ಟೆ ಇಡುತ್ತದೆ. ಆ ಮೊಟ್ಟೆಯೂ ಗುಂಡಗಿಲ್ಲ. ತೊಗಲಿನಂಥ ಚೌಕ ಚೀಲ, ನಾಲ್ಕು ಮೂಲೆಗೆ ನಾಲ್ಕು ಕೊಂಬು. ಒಳಗಿನ ಮರಿ ಬೆಳೆಯುತ್ತಾ ಬಂದಂತೆ ಕೊಂಬಿನ ಸೀಳುಗಳು ತೆರೆದುಕೊಳ್ಳುತ್ತವೆ, ಮರಿ ತನ್ನ ಬಾಲವನ್ನೇ ಆಡಿಸಿ ಹೊಸ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊರಗೆ ಬರಲು ತಿಂಗಳುಗಟ್ಟಲೆ ಬೇಕು. ತಾಯಿ ಕಾಯುವುದಿಲ್ಲ, ಇಟ್ಟು ಹೋಗಿಬಿಡುತ್ತದೆ.

ಕೊನೆಯದು, ಎಲ್ಲಿ ಸಿಕ್ಕಿತು ಎಂದು ಕೇಳಿ. ದೇವಬಾಗ, ಮಾಜಾಳಿಯ ದಂಡೆಯಲ್ಲಿ ಎಳೆದ ರಂಪಣಿ ಬಲೆಯದಾದರೆ ಸ್ಕೇಟಿನ ಆಸೆ ಬಿಡಿ. ಯುರೋಪಿನಲ್ಲಿ ದಂಡೆಯ ಹತ್ತಿರವೇ ಓಡಾಡುವ ಮುಳ್ಳುಬೆನ್ನಿನ ಸ್ಕೇಟು ಐಸ್‌ಲ್ಯಾಂಡ್, ನಾರ್ವೆಯಿಂದ ಮೆಡಿಟರೇನಿಯನ್‌ವರೆಗೆ ಹರಡಿದೆ. ನಮ್ಮ ಕಡಲಿನ ಸ್ಕೇಟುಗಳು ಆಳದ ವಾಸಿಗಳು. 1899ರಲ್ಲಿ ಆಲ್ಕಾಕ್ ಎಂಬ ವಿಜ್ಞಾನಿ ತಿರುವಾಂಕೂರು ತೀರದಾಚೆಯ ಆಳದಿಂದ ಬಂದ ಒಂದನ್ನು ವಿವರಿಸಿದ; ಇಂದಿಗೂ ಅದರ ಹೆಸರು ತಿರುವಾಂಕೂರು ಸ್ಕೇಟ್. ದೂರ ಹೋಗಿ ಬಂದ ಟ್ರಾಲ್ ಬೋಟಿನ ರಾಶಿಯಲ್ಲಿ ಸೀಳು ರೆಕ್ಕೆಯ ಮೀನು ಕಂಡರೆ ಮಾತ್ರ ಮೊಬೈಲ್ ತೆಗೆಯಿರಿ: ಬೆನ್ನು, ಹೊಟ್ಟೆ, ಬಾಲ, ಮೂರು ಚಿತ್ರ, ಪಕ್ಕದಲ್ಲೊಂದು ಅಳತೆಪಟ್ಟಿ. ಕಾರವಾರದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ, ಅಲ್ಲಿ ತೋರಿಸಿ.

ಚಿತ್ರ ತೆಗೆಯುವ ಮೊದಲು ಮೀನಿನ ಒಡತಿಯನ್ನು ಕೇಳುವುದನ್ನು ಮರೆಯಬೇಡಿ. ಹೋದ ವರ್ಷ ನಾನು ಮರೆತಿದ್ದೆ. “ಮಾಸ್ತರರೇ, ಮೀನು ಕೊಳ್ಳಲು ಬಂದಿರೋ, ಬಾಲ ನೋಡಲು ಬಂದಿರೋ?” ಎಂದು ಬುಟ್ಟಿ ಎತ್ತಿಕೊಂಡು ನಡೆದೇಬಿಟ್ಟರು.